ಗಂಗುಲಪ್ಪನವರ ಸಹಿ

ನಲವತ್ತೇಳನೆಯ ಇಸವಿಯ ಸುಮಾರಿಗೆ ಕೋಲಾರದ ಒಂದು ಖಾಸಗಿ ಇಂಟರ್‌ಮೀಡಿಯೆಟ್ ಕಾಲೇಜಿಗೆ ಮಗನನ್ನು ಸೇರಿಸಲು ಹೋದ ರೈತರೆಲ್ಲ ಅಲ್ಲಿನ ಗುಮಾಸ್ತನ ಒಂದು ಚಾಳಿಯನ್ನು ಊರಿಗೆ ಹಿಂದಿರುಗಿ ಹೇಳುತ್ತಿದ್ದರು. ಗುಮಾಸ್ತನ ಹೆಸರು ಮುನಿಕೃಷ್ಣಪ್ಪ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನವನು, ಮೂವತ್ತರ ಒಳಗಿನ ವಯಸ್ಸು, ಮಾತು ಕಡಿಮೆ. ಅರ್ಜಿಯನ್ನೆಲ್ಲ ತಾನೇ ಭರ್ತಿ ಮಾಡಿಕೊಡುತ್ತಿದ್ದ. ಪೋಷಕರು ಸಹಿ ಹಾಕುವ ಜಾಗ ಬಂದಾಗ ಮಾತ್ರ ಲೇಖನಿಯನ್ನೂ ಹೆಬ್ಬೆಟ್ಟಿನ ಮಸಿಯನ್ನೂ ಪಕ್ಕಪಕ್ಕದಲ್ಲಿಟ್ಟು, “ನಿಧಾನಕ್ಕೆ ಆಗ್ಲಿ ಯಜಮಾನ್ರೇ” ಎಂದು ಎದ್ದು ಹೋಗಿ ವರಾಂಡದ ಮೂಲೆಯಲ್ಲಿದ್ದ ಗಡಿಗೆಯಿಂದ ನೀರು ಕುಡಿಯುತ್ತ ನಿಲ್ಲುತ್ತಿದ್ದ. ಒಳಗಿನವರು ಕೆಮ್ಮಿ ಸದ್ದು ಮಾಡುವವರೆಗೂ ಇತ್ತ ತಿರುಗುತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ದಿನಕ್ಕೆ ಮೂವತ್ತು ಅರ್ಜಿ ಬಂದರೆ ಮೂವತ್ತು ಸಲ ನೀರು. ಆ ಗುಮಾಸ್ತನಿಗೆ ದಾಹದ ಕಾಯಿಲೆ ಇರಬೇಕು ಎಂದು ಮುಳಬಾಗಿಲಿನವರು ಅಂದುಕೊಂಡರೆ, ಮಾಲೂರಿನವರು ಮಡಿ ಮನುಷ್ಯ ಎಂದುಕೊಂಡರು. ಕೇಳಿದರೆ ಅವನು ನಗುತ್ತಿದ್ದನೇ ಹೊರತು ಉತ್ತರ ಹೇಳುತ್ತಿರಲಿಲ್ಲ. ಕುತೂಹಲ ಎಂಬುದು ಕೆರೆತದ ಹಾಗೆ, ಉತ್ತರ ಸಿಗದಷ್ಟೂ ಹೆಚ್ಚುತ್ತದೆ. ಆದ್ದರಿಂದ ಅವನ ಕಥೆಯನ್ನು ಮೊದಲಿನಿಂದಲೇ ಹೇಳಿಬಿಡುವುದು ಒಳ್ಳೆಯದು.

ಮೂವತ್ತೆಂಟನೆಯ ಇಸವಿಯಲ್ಲಿ ರಾಯಲ್ಪಾಡಿನ ಸುತ್ತ ಹತ್ತು ಹಳ್ಳಿಗೆ ಎಸ್.ಎಸ್.ಎಲ್.ಸಿ. ಪಾಸಾದವನು ಮುನಿಕೃಷ್ಣಪ್ಪ ಒಬ್ಬನೇ. ಪಾಸಾದವರಿಗೆ ಆಗ ಒಂದು ಪುಸ್ತಕ ಕೊಡುತ್ತಿದ್ದರು. ಹೆಸರು, ಹುಟ್ಟಿದ ದಿನ, ಅಂಕಗಳು, ಎಲ್ಲ ಅದರಲ್ಲೇ. ಅದಿಲ್ಲದೆ ಸರ್ಕಾರಿ ಕಚೇರಿಯ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ಕಾಲೇಜಿಗೆ ಸೇರುವಾಗ ಆ ಪುಸ್ತಕವನ್ನು ಒಪ್ಪಿಸಬೇಕು, ಜೊತೆಗೆ ಪೋಷಕರೊಬ್ಬರು ಅರ್ಜಿಗೆ ಸಹಿ ಹಾಕಬೇಕು. ಅವನ ತಂದೆ ಹೆಬ್ಬೆಟ್ಟಿನವನು. “ಕಾಲೇಜಂತ ಕಾಲೇಜಿಗೆ ಹೆಬ್ಬೆಟ್ಟಾ? ಬ್ಯಾಡ ಕಣೋ, ತಾಯಲೂರಿಗೆ ಹೋಗು. ನಿಮ್ಮ ಮಾವ ಸಹಿ ಬಲ್ಲೋರು” ಎಂದು ಮಗನನ್ನು ಕಳಿಸಿದ.

ಮಾವನೆಂದರೆ ತಾಯಿ ಅಂಜಮ್ಮನ ಅಣ್ಣ ಗಂಗುಲಪ್ಪನವರು. ತಾಯಲೂರು ಹೋಬಳಿಯಲ್ಲಿ ಕೆರೆ ನೀರಿನ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಅವರ ಮಾತೇ ಕೊನೆ. ಕೋಟಿನ ಜೇಬಿನಲ್ಲಿ ಸದಾ ಒಂದು ಪೆನ್ನು, ಕಂಕುಳಲ್ಲಿ ಮಡಿಸಿದ ಪತ್ರಿಕೆ. ಯಾರು ಯಾವ ಕಾಗದ ತಂದರೂ ಎದುರಿಗೇ ಸಹಿ ಹಾಕುತ್ತಿರಲಿಲ್ಲ. “ಇಟ್ಟು ಹೋಗಪ್ಪ, ನೋಡ್ತೀನಿ” ಅನ್ನುವರು. ಮರುದಿನ ಹೋದರೆ ಸಹಿ ಆಗಿರುತ್ತಿತ್ತು. ಯೋಚಿಸದೆ ಕಾಗದ ಮುಟ್ಟುವವರಲ್ಲ ಗಂಗುಲಪ್ಪನವರು ಎಂದು ಹೋಬಳಿಗೆ ಹೋಬಳಿಯೇ ಮೆಚ್ಚಿಕೊಂಡಿತ್ತು. ಮುನಿಕೃಷ್ಣಪ್ಪನೂ ಅರ್ಜಿ ಇಟ್ಟು ಜಗಲಿಯ ಮೇಲೆ ಮಲಗಿದ. ಬೆಳಗ್ಗೆ ಎದ್ದಾಗ ಅದರ ಮೇಲೆ ‘ಗಂಗುಲಪ್ಪ’ ಎಂದು ದುಂಡನೆಯ ಅಕ್ಷರ, ಕೆಳಗೆ ಎರಡು ಸುತ್ತು ಹಾಕಿದ ಗೆರೆ. ನೋಡಲು ಚೆಂದವಾಗಿತ್ತು.

ಆ ಮನೆಯಲ್ಲಿ ಇನ್ನೊಂದು ಚೆಂದವೂ ಇತ್ತು ಅನ್ನಬೇಕು. ಮಾವನ ಒಬ್ಬಳೇ ಮಗಳು ಕದಿರಮ್ಮ, ತಾಯಿಯಿಲ್ಲದ ಹುಡುಗಿ, ಊರಿನ ಶಾಲೆಯಲ್ಲಿ ಇದ್ದಷ್ಟು ತರಗತಿ ಓದಿ ಮುಗಿಸಿದವಳು. ಅವಳನ್ನು ಮುನಿಕೃಷ್ಣಪ್ಪನಿಗೇ ಕೊಡುವುದೆಂದು ತೊಟ್ಟಿಲಲ್ಲಿ ಹಾಕಿದ ದಿನವೇ ಆಡಿಕೊಂಡಿದ್ದರು. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಇಬ್ಬರಿಗೆ ಸಂತೋಷವೂ ಇತ್ತು.

ಕಾಲೇಜಿಗೆ ಸೇರಿ ಮೂರು ತಿಂಗಳು ಕಳೆದಿತ್ತು. ದಸರಾ ರಜೆಗೆಂದು ಊರಿಗೆ ಹೋದ ಮುನಿಕೃಷ್ಣಪ್ಪ ಹಿಂದಿರುಗಲಿಲ್ಲ. ತಂದೆ ಕಪಿಲೆ ಹೊಡೆದು ನೀರೆತ್ತುತ್ತಿದ್ದಾಗ ಹಗ್ಗ ಹರಿದು ಬಾವಿಯ ಕಟ್ಟೆಯ ಮೇಲೆ ಬಿದ್ದು ಸೊಂಟ ಮುರಿದುಕೊಂಡಿದ್ದ. ತಮ್ಮ ಇನ್ನೂ ಚಿಕ್ಕವನು. ಲಾಜಿಕ್ ಪುಸ್ತಕ ಹಿಡಿದ ಕೈ ಎತ್ತಿನ ಬಾಲ ಹಿಡಿಯಿತು. ವರ್ಷ ತುಂಬುವುದರೊಳಗೆ ತಂದೆ ತೀರಿಕೊಂಡ. ತಮ್ಮ ಹೊಲ ನೋಡಿಕೊಳ್ಳುವಷ್ಟು ಬೆಳೆದ ಮೇಲೆ ಮುನಿಕೃಷ್ಣಪ್ಪ, ಎಲ್ಲಾದರೂ ಕೆಲಸ ಹುಡುಕೋಣವೆಂದು ತನ್ನ ಪುಸ್ತಕ ಕೇಳಲು ಕೋಲಾರಕ್ಕೆ ಬಂದ.

ಪುಸ್ತಕ ಕೊಡಲಿಲ್ಲ. ಆ ಕಾಲೇಜಿನಲ್ಲಿ ಒಂದು ನಿಯಮವಿತ್ತು. ನಡುವೆ ಓದು ಬಿಟ್ಟವರ ದಾಖಲೆಗಳನ್ನು, ಸೇರಿಸುವಾಗ ಸಹಿ ಹಾಕಿದ ಪೋಷಕರೇ ಖುದ್ದಾಗಿ ಬಂದು ಪ್ರಿನ್ಸಿಪಾಲರ ಎದುರಿನಲ್ಲಿ ಸಹಿ ಹಾಕಿದ ಹೊರತು ಕೊಡತಕ್ಕದ್ದಲ್ಲ. ಹಿಂದೆ ಯಾವನೋ ಹುಡುಗ ಮನೆಯವರಿಗೆ ಹೇಳದೆ ಪುಸ್ತಕ ಬಿಡಿಸಿಕೊಂಡು ಬೊಂಬಾಯಿಗೆ ಓಡಿಹೋಗಿ, ಅವನ ತಂದೆ ಬಂದು ಕಾಲೇಜಿನ ಬಾಗಿಲಲ್ಲಿ ಕೂತು ಅತ್ತಿದ್ದನಂತೆ. ಒಬ್ಬ ಓಡಿದ್ದಕ್ಕೆ ಉಳಿದವರ ಕಾಲಿಗೆಲ್ಲ ಹಗ್ಗ. ಪರೀಕ್ಷೆ ಪಾಸು ಮಾಡಿಸಿದ ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಮುನಿಕೃಷ್ಣಪ್ಪ ಮಾವನಿಗೆ ಹೇಳಿಕಳಿಸಿದ. ಸುಗ್ಗಿ ಮುಗೀಲಿ ಎಂದು ಉತ್ತರ ಬಂತು. ಅಷ್ಟರಲ್ಲಿ ಅದೇ ಕಾಲೇಜಿನಲ್ಲಿ ಜವಾನನ ಕೆಲಸ ಖಾಲಿಯಾಯಿತು. ಅದಕ್ಕೆ ಪುಸ್ತಕ ಬೇಕಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ಸೇರಿಕೊಂಡ. ಆರು ತಿಂಗಳಲ್ಲಿ ಅವನ ನಿಯತ್ತು ನೋಡಿ ಗುಮಾಸ್ತ ರಾಮಚಂದ್ರಪ್ಪನವರು ದಾಖಲೆಗಳ ಬೀರುವಿನ ಬೀಗದ ಕೈಯನ್ನು ಅವನ ಸೊಂಟಕ್ಕೇ ಕಟ್ಟಿಸಿದರು. ಹೀಗೆ ಓದು ಬಿಟ್ಟವರ ಪುಸ್ತಕಗಳ ಕಂತೆಯಲ್ಲಿ ಮುನಿಕೃಷ್ಣಪ್ಪನ ಪುಸ್ತಕ ಒಳಗೆ, ಮುನಿಕೃಷ್ಣಪ್ಪ ಹೊರಗೆ, ಬೀಗದ ಕೈ ಮುನಿಕೃಷ್ಣಪ್ಪನ ಹತ್ತಿರ.

ಶನಿವಾರ ಶನಿವಾರ ಬೀರು ತೆಗೆದು ಧೂಳು ಹೊಡೆಯುವಾಗ ತನ್ನ ಪುಸ್ತಕವನ್ನೂ ತೆಗೆದು ಒರೆಸಿ, ಗೆದ್ದಲು ಹಿಡಿದಿಲ್ಲವೆಂದು ನೋಡಿ, ಮತ್ತೆ ಕಂತೆಗೆ ಸೇರಿಸುತ್ತಿದ್ದ. “ಅಲ್ಲಯ್ಯ, ಎತ್ಕೊಂಡು ಹೋಗೋಕೇನು ನಿಂಗೆ?” ಎಂದು ರಾಮಚಂದ್ರಪ್ಪನವರೇ ಒಮ್ಮೆ ಕೇಳಿದರು.

“ಎತ್ಕೊಂಡು ಹೋಗಿ ಯಾರಿಗೆ ತೋರಿಸ್ಲಿ ಸಾರ್? ಬಿಡುಗಡೆ ಅಂತ ಪ್ರಿನ್ಸಿಪಾಲರ ರುಜು ಇಲ್ದಿದ್ರೆ ಕದ್ದಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ” ಎಂದ ಮುನಿಕೃಷ್ಣಪ್ಪ. ಅಷ್ಟಕ್ಕೇ ಬಿಟ್ಟಿದ್ದರೆ ಜಾಣತನದ ಮಾತು. ಆದರೆ ಪಿಸುದನಿಯಲ್ಲಿ ಇನ್ನೂ ಒಂದನ್ನು ಸೇರಿಸಿದ. “ಅದೂ ಅಲ್ದೆ ಸಾರ್, ಅದು ಅಲ್ಲಿರೋವರೆಗೂ ನಾನು ಕಾಲೇಜಿನಲ್ಲಿ ಓದಿದೋನು ಅಂತ ಅನ್ನಿಸುತ್ತೆ.”

ನಲವತ್ತೆರಡರ ಸಂಕ್ರಾಂತಿಯ ಹೊತ್ತಿಗೆ ರಾಮಚಂದ್ರಪ್ಪನವರು ಕಣ್ಣು ಮಂಜಾಗಿ ಕೆಲಸ ಬಿಡುವುದಾಗಿ ಹೇಳಿದರು. ಗುಮಾಸ್ತನ ಜಾಗಕ್ಕೆ ಮುನಿಕೃಷ್ಣಪ್ಪನೇ ಆಗಲಿ ಎಂದು ಪ್ರಿನ್ಸಿಪಾಲರೂ ಒಪ್ಪಿದರು. ಎಸ್.ಎಸ್.ಎಲ್.ಸಿ. ಪುಸ್ತಕ ಮಾತ್ರ ಹಾಜರು ಮಾಡಬೇಕು. ಮೇ ತಿಂಗಳ ಕೊನೆಯವರೆಗೆ ಜಾಗ ಇಟ್ಟಿರುತ್ತೇನೆ, ಆಮೇಲೆ ಬೇರೆಯವರನ್ನು ನೋಡುತ್ತೇನೆ ಎಂದರು. ತಾಯಲೂರಿನಿಂದಲೂ ಅದೇ ಹೊತ್ತಿಗೆ ಮಾತು ಬಂತು. ಜವಾನನಿಗೆ ಮಗಳನ್ನು ಕೊಟ್ಟರು ಎಂದು ಹೋಬಳಿಯವರು ಆಡಿಕೊಳ್ಳುತ್ತಾರೆ, ಗುಮಾಸ್ತನಾದ ದಿನವೇ ಲಗ್ನ ಇಡೋಣ.

ಇಲ್ಲಿದೆ ನೋಡಿ ತಮಾಷೆ. ಮದುವೆಗೆ ಗುಮಾಸ್ತಿಕೆ ಬೇಕು, ಗುಮಾಸ್ತಿಕೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಮಾವನ ಸಹಿ ಬೇಕು. ಆ ಮಾವ ಕೋಲಾರಕ್ಕೆ ಬರಲೊಲ್ಲರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿದ್ದಿರಬೇಕು.

ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ನಡೆದು ಮುನಿಕೃಷ್ಣಪ್ಪ ತಾಯಲೂರು ಮುಟ್ಟಿದ. ಗಂಗುಲಪ್ಪನವರು ಅಳಿಯನಿಗೆ ಕೋಳಿ ಕೊಯ್ಸಿದರು, ಮುದ್ದೆಗೆ ತಾವೇ ಸಾರು ಬಡಿಸಿದರು. ಕೋಲಾರದ ಮಾತು ಎತ್ತಿದೊಡನೆ ಹಲ್ಲುನೋವು ಬಂತು. “ಬರ್ತೀನಿ ಕಣೋ ಅಲ್ಲುಡು, ಈ ದವಡೆ ಒಂದು ಇಳೀಲಿ” ಎಂದರು; ಅಳಿಯನನ್ನು ಅವರು ಕರೆಯುತ್ತಿದ್ದುದು ತೆಲುಗಿನಲ್ಲಿಯೇ. ಕೋಳಿಯ ಮೂಳೆ ಕಡಿಯುವಾಗ ಇಲ್ಲದ ನೋವು ಆಗ ಎಲ್ಲಿಂದ ಬಂತೋ ಅವನಿಗೆ ತಿಳಿಯಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಮತ್ತೆ ಹೋದ. ಈ ಸಲ ಬಿಳಿ ಎತ್ತಿಗೆ ಕಾಲುಬಾಯಿ ಜ್ವರ. ಅದನ್ನು ಬಿಟ್ಟು ಹೇಗೆ ಬರೋದು? “ಆ ಕಾಗ್ದ ಇಲ್ಲೇ ತಂದ್ಬಿಡು, ಇಟ್ಟು ಹೋಗು, ನೋಡಿ ಹಾಕಿರ್ತೀನಿ” ಎಂದರು.

“ಪ್ರಿನ್ಸಿಪಾಲರ ಎದುರ್ಗೇ ಹಾಕ್ಬೇಕು ಮಾವ. ಒಂದು ನಿಮಿಷದ ಕೆಲ್ಸ.”

“ಒಂದು ನಿಮಿಷದಾಗೆ ಸಹಿ ಹಾಕೋ ಗಂಗುಲಪ್ಪ ನಾನಲ್ಲ ಕಣೋ” ಎಂದು ಅವರು ಮುಖ ಆ ಕಡೆ ಮಾಡಿದರು.

ವಾಪಸು ಬರುವಾಗ ದಾರಿಯುದ್ದಕ್ಕೂ ಮುನಿಕೃಷ್ಣಪ್ಪ ಅದನ್ನೇ ಯೋಚಿಸಿದ. ಬೇಕು ಅನ್ನುವವರೂ ಅವರೇ, ಬರಲೊಲ್ಲದವರೂ ಅವರೇ. ಯಾಕೆ? ಊರಿಗೆ ಹೋಗಿ ತಾಯಿಯನ್ನು ಕೇಳಿದ. “ನಮ್ಮಣ್ಣ ಅಂಥೋನಲ್ಲ ಕಣೋ, ಏನೋ ಇರ್ಬೇಕು” ಎಂದಳು ಅಂಜಮ್ಮ. ಆ ‘ಏನೋ’ ಎಂಬುದನ್ನು ಅವನು ತನಗೆ ತೋಚಿದಂತೆ ತುಂಬಿಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಾವನಿಗೆ ಬೇರೆ ಕಡೆ ಅನುಕೂಲದ ಗಂಡು ಸಿಕ್ಕಿರಬೇಕು, ಬಾಯಿಬಿಟ್ಟು ಇಲ್ಲ ಅನ್ನಲಾರದೆ ಹೀಗೆ ಆಟ ಆಡಿಸುತ್ತಿದ್ದಾರೆ ಎಂದು ಅವನ ಮನಸ್ಸು ತೀರ್ಮಾನ ಮಾಡಿಬಿಟ್ಟಿತು.

ಯುಗಾದಿಯ ಮಾರನೆಯ ವಾರ ಮೂರನೆಯ ಸಲ ಹೋದ. ಈ ಸಲ ಮಾವ ಪಂಚಾಂಗ ಮುಂದಿಟ್ಟುಕೊಂಡು ಪ್ರಯಾಣಕ್ಕೆ ದಿನ ಸರಿಯಿಲ್ಲ ಎಂದರು. ಮುನಿಕೃಷ್ಣಪ್ಪನಿಗೆ ತಡೆಯಲಾಗಲಿಲ್ಲ. ಜಗಲಿಯ ಮೇಲೆ ಊರಿನವರು ನಾಲ್ಕು ಜನ ಕೂತಿದ್ದರು, ಅದನ್ನೂ ನೋಡಲಿಲ್ಲ.

“ಹೆಣ್ಣು ಕೊಡೋಕೆ ಮನಸ್ಸಿಲ್ಲ ಅಂದ್ರೆ ಮುಖಕ್ಕೆ ಹೇಳಿ ಮಾವ. ಹಲ್ಲು, ಎತ್ತು, ಪಂಚಾಂಗ ಅಂತ ನನ್ನ ಯಾಕೆ ಅಲೆಸ್ತೀರ? ನನಗೂ ಸಾಕಾಯ್ತು. ನಿಮ್ಮ ಸಹೀನೂ ಬ್ಯಾಡ, ನಿಮ್ಮ ಮನೆ ಹೆಣ್ಣೂ ಬ್ಯಾಡ.”

ಗಂಗುಲಪ್ಪನವರು ಪಂಚಾಂಗವನ್ನು ಮಡಿಸಿ ಕೆಳಗಿಟ್ಟರು. ಒಳಗಿನಿಂದ ಕದಿರಮ್ಮ ಚೊಂಬಿನಲ್ಲಿ ಮಜ್ಜಿಗೆ ತಂದು ಅವನ ಮುಂದಿಟ್ಟಳು. ಅವಳಿಗೆ ಎಲ್ಲವೂ ಕೇಳಿಸಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಮ್ಮೆ ತಂದೆಯ ಕಡೆ ನೋಡಿದಳು, ಏನನ್ನೋ ಹೇಳಲು ಹೊರಟವಳು ನಿಲ್ಲಿಸಿದಳು. “ಬಿಸ್ಲಿದೆ, ಮಜ್ಜಿಗೆ ಕುಡ್ದು ಹೋಗು ಬಾವ” ಎಂದಷ್ಟೇ ಹೇಳಿ ಒಳಗೆ ಹೋದಳು. ಮುನಿಕೃಷ್ಣಪ್ಪ ಕುಡಿಯದೆ ಎದ್ದು ಬಂದ.

ಬಂದವನಿಗೆ ಎರಡು ದಿನ ಗೆದ್ದೆನೆಂಬ ಬಿಸಿ ಇತ್ತು. ಮೂರನೆಯ ದಿನದಿಂದ ಆ ಚೊಂಬು ಕಣ್ಣ ಮುಂದೆ ಬರತೊಡಗಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತದೆಯೇ? ಹೋಗಿ ತಪ್ಪಾಯಿತು ಎನ್ನೋಣವೆಂದು ಎಷ್ಟೋ ಸಲ ಅಂದುಕೊಂಡ, ಹೋಗಲಿಲ್ಲ. ಬೀರುವಿನಿಂದ ಹಳೆಯ ಅರ್ಜಿ ತೆಗೆದು ಮಾವನ ಸಹಿಯನ್ನು ನೋಡುತ್ತ ಕೂರುತ್ತಿದ್ದ. ಇಷ್ಟು ಸಲೀಸಾಗಿ ಬರೆಯಬಲ್ಲ ಮನುಷ್ಯನಿಗೆ ಇನ್ನೊಂದು ಸಲ ಬರೆಯಲು ಏನು ಕಷ್ಟ ಎಂಬುದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಏಪ್ರಿಲ್ ಹೋಯಿತು. ಮೇ ತಿಂಗಳೂ ಮುಗಿಯುತ್ತ ಬಂತು. ಗುಮಾಸ್ತಿಕೆಗೆ ಬಂಗಾರಪೇಟೆಯ ಒಬ್ಬ ಹುಡುಗ ಬಂದು ಪ್ರಿನ್ಸಿಪಾಲರನ್ನು ಕಂಡುಹೋದ.

ತಿಂಗಳ ಕೊನೆಯ ಶನಿವಾರ, ಹತ್ತು ಗಂಟೆಗೆ, ಕಾಲೇಜಿನ ಗೇಟಿನಲ್ಲಿ ಗಂಗುಲಪ್ಪನವರು ನಿಂತಿದ್ದರು. ಒಗೆದ ಪಂಚೆ, ಕೋಟು, ತಲೆಗೆ ರುಮಾಲು, ಜೇಬಿನಲ್ಲಿ ಪೆನ್ನು. ಜೊತೆಗೆ ಯಾರೂ ಇರಲಿಲ್ಲ. ಮುನಿಕೃಷ್ಣಪ್ಪ ಓಡಿಹೋಗಿ ಎದುರಿಗೆ ನಿಂತ.

“ನಡಿ, ಎಲ್ಲಿ ಹಾಕ್ಬೇಕು ತೋರ್ಸು” ಎಂದರು ಮಾವ.

ಪ್ರಿನ್ಸಿಪಾಲರು ಕುರ್ಚಿ ಕೊಟ್ಟು ಬಿಡುಗಡೆಯ ರಿಜಿಸ್ಟರು ಮುಂದಿಟ್ಟರು. ಗಂಗುಲಪ್ಪನವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪೆನ್ನಿನ ಮುಚ್ಚಳ ತಿರುಗಿಸಲು ಒಂದಿಷ್ಟು ಹೊತ್ತು ಹಿಡಿಯಿತು. ಆಮೇಲೆ ಮೊಣಕೈಯನ್ನು ಮೇಜಿಗೆ ಊರಿ, ತುಟಿ ಕಚ್ಚಿಕೊಂಡು, ನೇಗಿಲ ಮೇಲೆ ಬೀಳುವಷ್ಟೇ ಭಾರವನ್ನು ಆ ಪೆನ್ನಿನ ಮೇಲೆ ಹಾಕಿ ಬರೆಯತೊಡಗಿದರು. ಗ. ಸೊನ್ನೆ. ಗು. ಲ. ಅಲ್ಲಿ ನಿಲ್ಲಿಸಿ ಹಣೆ ಒರೆಸಿಕೊಂಡರು. ಕೊನೆಯ ಒತ್ತನ್ನು ಹಾಕಿ ಮುಗಿಸಿದಾಗ ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆದಿತ್ತು.

ಪ್ರಿನ್ಸಿಪಾಲರು ಹಳೆಯ ಅರ್ಜಿ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಒಂದು ಕಡೆ ದುಂಡಗಿನ ಅಕ್ಷರ, ಎರಡು ಸುತ್ತಿನ ಗೆರೆ. ಇನ್ನೊಂದು ಕಡೆ ಒಂದರ ಮೇಲೊಂದು ವಾಲಿಕೊಂಡು ನಿಂತ ನಾಲ್ಕು ಅಕ್ಷರ. “ಇದು ಅದಲ್ಲವಲ್ಲ, ಗಂಗುಲಪ್ಪನವರೇ” ಎಂದರು.

“ಹೌದು ಸ್ವಾಮಿ, ಅದು ಬೇರೆ, ಇದು ಬೇರೆ.”

“ಇವೆರಡರಲ್ಲಿ ನಿಮ್ಮದು ಯಾವುದು?”

ಗಂಗುಲಪ್ಪನವರು ಅಳಿಯನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಮಸಿಕುಡಿಕೆಯನ್ನೇ ನೋಡುತ್ತ ಹೇಳಿದರು. “ಇದು ನಂದು. ಅದು ನನ್ನ ಮಗಳು ಹಾಕಿದ್ದು. ನನಗೆ ಓದು ಬರಹ ಬರಲ್ಲ ಸ್ವಾಮಿ. ಮೊದ್ಲು ನನ್ನ ಹೆಂಡ್ತಿ ಹಾಕ್ತಿದ್ಲು, ಅವಳು ಹೋದ್ಮೇಲೆ ಮಗಳು. ಹೋಬಳೀನಲ್ಲಿ ಒಂದು ಪಿಳ್ಳೆಗೂ ಗೊತ್ತಿಲ್ಲ. ನನ್ನ ತಂಗಿಗೂ ಗೊತ್ತಿಲ್ಲ. ಈ ಮೂರು ತಿಂಗ್ಳಿಂದ ಮಗಳು ಸ್ಲೇಟು ಹಿಡ್ಸಿ ತಿದ್ದಿಸಿದ್ಲು. ಅವಳ ಥರಾನೇ ಬರೀಬೇಕು ಅಂತ ಪಾಪ ಹೇಳ್ಕೊಟ್ಲು, ಆ ಕೆಳಗಿನ ಗೆರೆ ನನ್ನ ಕೈಗೆ ತಿರುಗ್ಲಿಲ್ಲ.”

“ಅಲ್ಲ, ಆವತ್ತು ಹೆಬ್ಬೆಟ್ಟು ಒತ್ತಿದ್ದರೆ ಸಾಕಿತ್ತಲ್ಲ!”

“ಸಹಿ ಬಲ್ಲೋನು ಅಂತಾನೇ ಅಲ್ವ ಸ್ವಾಮಿ ನಮ್ಮ ಬಾವ ತನ್ನ ಮಗನ್ನ ನನ್ನ ಹತ್ರ ಕಳ್ಸಿದ್ದು?”

ಬಾಗಿಲಲ್ಲಿ ನಿಂತಿದ್ದ ಮುನಿಕೃಷ್ಣಪ್ಪನಿಗೆ ಹಲ್ಲುನೋವು, ಎತ್ತು, ಪಂಚಾಂಗ ಎಲ್ಲವೂ ಒಟ್ಟಿಗೆ ಅರ್ಥವಾದವು. ನಾಲ್ಕು ಜನರ ಎದುರಿಗೆ ತಾನು ಆಡಿದ ಮಾತು ನೆನಪಾಗಿ ನೆಲ ಬಿರಿಯಬಾರದೇ ಅನ್ನಿಸಿತು.

ಪ್ರಿನ್ಸಿಪಾಲರು ಹಳೆಯ ಲಾಜಿಕ್ ಮೇಷ್ಟರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಈ ಅರ್ಜಿಗೆ ಪೋಷಕರು ಸಹಿಯನ್ನೇ ಹಾಕಿಲ್ಲ. ಅಂದ ಮೇಲೆ ಇದು ಅರ್ಜಿಯೇ ಅಲ್ಲ. ಅರ್ಜಿಯಿಲ್ಲದೆ ಈತ ನಮ್ಮ ಕಾಲೇಜಿಗೆ ಸೇರಲೇ ಇಲ್ಲ. ಸೇರದವನು ಬಿಡುವುದಾದರೂ ಹೇಗೆ? ಓದು ಬಿಟ್ಟವರ ನಿಯಮ ಈತನಿಗೆ ತಗುಲುವುದಿಲ್ಲ.” ಅರ್ಜಿಯ ಮೇಲೆ ಅಡ್ಡಗೆರೆ ಎಳೆದು ರುಜು ಮಾಡಿದರು. “ಏನಯ್ಯ, ದಾಖಲೆಯಲ್ಲಿ ನೀನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಒಪ್ಪಿಗೆಯೋ?”

ಮುನಿಕೃಷ್ಣಪ್ಪನಿಗೆ ಆ ಗೆರೆ ಒಂದು ಕ್ಷಣ ಚುಚ್ಚಿತು. ಆ ಮೂರು ತಿಂಗಳು ಅವನಿಗೆ ಅಷ್ಟು ಪ್ರಿಯವಾಗಿತ್ತು. “ಒಪ್ಪಿಗೆ ಸಾರ್” ಎಂದ.

ಬೀರುವನ್ನು ತಾನೇ ತೆರೆದು ತನ್ನ ಪುಸ್ತಕವನ್ನು ತಾನೇ ತಂದು ಪ್ರಿನ್ಸಿಪಾಲರ ಕೈಗೆ ಕೊಟ್ಟ. ಅವರು ಅದನ್ನು ಅವನಿಗೆ ಕೊಟ್ಟರು. ಸೋಮವಾರದಿಂದ ಗುಮಾಸ್ತನ ಮೇಜಿನಲ್ಲಿ ಕೂರು ಎಂದೂ ಹೇಳಿದರು. ಪುಸ್ತಕದ ನಾಲ್ಕು ವರ್ಷದ ಸೆರೆ ನಾಲ್ಕು ಮಾತಿನಲ್ಲಿ ಮುಗಿಯಿತು.

ಮಾವನನ್ನು ಬಸ್ಸಿಗೆ ಬಿಡಲು ಜೊತೆಗೆ ಹೊರಟ. ಕಾಲಿಗೆ ಬೀಳಬೇಕೆಂದು ಬಗ್ಗಿದರೆ ಮಾವ ರಟ್ಟೆ ಹಿಡಿದು ಎತ್ತಿದರು. “ಬಿಡ್ಲಾ, ರೋಡಲ್ಲಿ ಏನಿದು.”

“ಅವತ್ತು ನಾನು ಆಡಿದ್ದು ತಪ್ಪು ಮಾವ. ನನಗೆ ಗೊತ್ತಿರ್ಲಿಲ್ಲ. ನೀವಾದ್ರೂ ಒಂದು ಮಾತು...”

“ಹೆಂಗೆ ಹೇಳ್ಲಿ? ಹೇಳೋಕೆ ಆಗಿದ್ರೆ ಹೆಬ್ಬೆಟ್ಟೇ ಒತ್ತಿರ್ತಿದ್ನಲ್ಲ.”

ಬಸ್ಸಿನವನು ಇದ್ದಿಲು ತುಂಬಿ ತಿದಿ ತಿರುಗಿಸುತ್ತಿದ್ದ. ಹೊರಡಲು ಇನ್ನೂ ಹೊತ್ತಿತ್ತು. ಮುನಿಕೃಷ್ಣಪ್ಪ ಧೈರ್ಯ ಮಾಡಿದ. “ಮುಂದಿನ ವಾರ ಅಮ್ಮನ್ನ ಕರ್ಕೊಂಡು ಬರ್ತೀನಿ ಮಾವ. ಕದಿರಮ್ಮಂಗೆ ಹೇಳಿ. ದಿನ ನೀವೇ ನೋಡಿ.”

ಗಂಗುಲಪ್ಪನವರು ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು.

“ಮಾಲೂರಿಗೆ ಕೊಟ್ಟಾಯ್ತು ಕಣೋ. ಹುಡ್ಗ ರೈಲ್ವೇನಲ್ಲಿದ್ದಾನೆ. ಬ್ಯಾಡ ಅಂತ ನಾಲ್ಕು ಜನದ ಮುಂದೆ ಅಂದ್ಯಲ್ಲ, ಆಮೇಲೆ ಹೆಣ್ಣನ್ನ ಮನೇಲಿ ಎಷ್ಟು ದಿನ ಇಟ್ಕೊಳ್ಲಿ? ಹೋದ ಗುರುವಾರ ಲಗ್ನಪತ್ರಿಕೆ ಆಯ್ತು.”

ಮುನಿಕೃಷ್ಣಪ್ಪನ ಕೈಯಲ್ಲಿ ಪುಸ್ತಕವಿತ್ತು. ಬಾಯಿಗೆ ಬಂದದ್ದನ್ನು ಕೇಳಿದ. “ಮತ್ತೆ ಇವತ್ತು ಯಾಕೆ ಬಂದ್ರಿ ಮಾವ?”

“ಅವಳೇ ಕಳ್ಸಿದ್ಲು. ಬಾವನ ಪುಸ್ತಕ ಬಿಡಿಸ್ಕೊಟ್ಟು ಬಾ ನಾಯ್ನಾ, ಅದಕ್ಕೆ ಅಂತ್ಲೇ ಅಲ್ವ ಕಲ್ಸಿದ್ದು ಅಂದ್ಲು.” ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹೇಳಿದರು. “ನೀನು ನೋಡಿದ್ದು ಎರಡ್ನೇ ಸಹಿ ಕಣೋ ಅಲ್ಲುಡು. ಮೊದಲ್ನೇದು ಅವಳ ಲಗ್ನಪತ್ರಿಕೆಗೆ ಹಾಕ್ದೆ. ಪಕ್ಕದಲ್ಲೇ ಕೂತು, ನನ್ನ ಕೈ ನಡುಗದ ಹಾಗೆ ಮೊಣಕೈ ಹಿಡ್ಕೊಂಡಿದ್ಲು.”